ಪದರ ತಪ್ಪಿದ ಹರಳು

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೊರಟು ಹೆಮ್ಮಾಡಿ, ಮುಳ್ಳಿಕಟ್ಟೆ ದಾಟಿದರೆ ತ್ರಾಸಿ. ಅಲ್ಲಿಂದ ಮರವಂತೆಯವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಪಡುವಣ ಮಗ್ಗುಲಿಗೆ ಅರಬ್ಬಿ ಸಮುದ್ರ, ಮೂಡಣ ಮಗ್ಗುಲಿಗೆ ಸೌಪರ್ಣಿಕಾ. ಹಗಲಿನಲ್ಲಿ ಇಲ್ಲಿ ಫೋಟೊ ತೆಗೆಯುವವರದೇ ಗದ್ದಲ. ಮೀನುಗಾರಿಕೆಯ ಋತುವಿನಲ್ಲಿ ರಾತ್ರಿ ಇದೇ ದಂಡೆಯ ಹೊಯ್ಗೆಯ ಮೇಲೆ ನಿಂತು ನೋಡಿದರೆ ದೂರದ ಕಡಲಿನಲ್ಲಿ ಬೋಟುಗಳ ದೀಪಗಳು ಕಾಣುತ್ತವೆ. ಕೆಲವು ದಾರಿಗಾಗಿ ಹಚ್ಚಿದವು, ಕೆಲವು ಮೀನು ಕರೆಯಲು ಹಚ್ಚಿದವು. ಜನರೇಟರ್ ಇಟ್ಟುಕೊಂಡು, ಕಣ್ಣು ಕುಕ್ಕುವ ಎಲ್‌ಇಡಿ ದೀಪ ಉರಿಸಿ, ಬೊಂಡಾಸು ಬಂಗುಡೆಗಳನ್ನು ಒಂದೆಡೆ ಸೇರಿಸಿ ಬಲೆ ಬೀಸುವ ಲೈಟ್ ಫಿಶಿಂಗ್ ಅನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ನಿಷೇಧ ಕಾಗದದಲ್ಲಿದೆ, ಬೆಳಕು ಕಡಲಿನಲ್ಲಿದೆ ಎನ್ನುವುದು ನಾಡದೋಣಿಯವರ ಬಹುಕಾಲದ ದೂರು. ಮರಿಮೀನು ಸಮೇತ ಬಾಚಿಕೊಂಡರೆ ಮುಂದಿನ ವರ್ಷ ಬಲೆಗೆ ಬೀಳುವುದೇನು ಎಂದು ಅವರು ಕೇಳುವುದು ನ್ಯಾಯವಾಗಿಯೇ ಇದೆ. ಆ ಹೋರಾಟದಲ್ಲಿ ನಾನು ಅವರ ಪಕ್ಷ.

ಆದರೆ ಇವತ್ತು ಬರೆಯಲು ಕೂತದ್ದು ಆ ದೀಪದ ಒಳಗಿರುವ ಹರಳಿನ ಬಗ್ಗೆ. ಹರಳು ಎಂದರೆ ಅಣುಮಾತ್ರ ಕುಂದಿಲ್ಲದ್ದು, ಸಾಲು ತಪ್ಪದ್ದು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಕಡಲಿನ ಮೇಲೆ ಅಷ್ಟು ಪ್ರಖರವಾಗಿ ಉರಿಯುವ ಈ ಹರಳು ಮಾತ್ರ ಕುಂದುಗಳಿಂದಲೇ ತುಂಬಿದೆ.

ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕು ಕೊಡುವ ಅರೆವಾಹಕ: ಗ್ಯಾಲಿಯಂ ನೈಟ್ರೈಡ್, ಜೊತೆಗೆ ಅದಕ್ಕೇ ಒಂದಿಷ್ಟು ಇಂಡಿಯಂ ಬೆರೆಸಿದ ತೆಳು ಪದರಗಳು. ಮೇಲೆ ಸವರಿದ ಹಳದಿ ಪುಡಿ ಆ ನೀಲಿಯ ಒಂದು ಪಾಲನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿ. ಈ ನೀಲಿ ದೀಪಕ್ಕಾಗಿಯೇ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಗ್ಯಾಲಿಯಂ ನೈಟ್ರೈಡನ್ನು ಬೆಳೆಸುವುದು ಸಾಮಾನ್ಯವಾಗಿ ನೀಲಮಣಿಯ ತಟ್ಟೆಯ ಮೇಲೆ. ಎರಡರ ಪರಮಾಣುಗಳ ನಡುವಿನ ಅಂತರ ಶೇಕಡ 16ರಷ್ಟು ಹೊಂದುವುದಿಲ್ಲ. ಹೊಂದದ ನೆಲದ ಮೇಲೆ ಬೆಳೆಯುವ ಹರಳು ಅಲ್ಲಲ್ಲಿ ಪರಮಾಣುಗಳ ಒಂದೊಂದು ತಲವನ್ನು ಅರ್ಧಕ್ಕೇ ಬಿಟ್ಟುಬಿಡುತ್ತದೆ. ಹಾಗೆ ಅರ್ಧಕ್ಕೆ ನಿಂತ ತಲದ ಅಂಚು ಒಂದು ಗೆರೆಯಾಗಿ ಹರಳಿನ ಉದ್ದಕ್ಕೂ ಮೇಲೇರುತ್ತದೆ. ಇದೇ ಡಿಸ್‌ಲೊಕೇಶನ್. ನೀಲಿ ಎಲ್‌ಇಡಿಯಲ್ಲಿ ಚದರ ಸೆಂಟಿಮೀಟರಿಗೆ ನೂರು ಕೋಟಿಯ ಆಸುಪಾಸಿನಲ್ಲಿ ಇಂಥ ಗೆರೆಗಳಿರುತ್ತವೆ. ಒಂದು ಮಿಲಿಮೀಟರ್ ಉದ್ದ, ಅಷ್ಟೇ ಅಗಲದ ಚಿಪ್ಪಿಗೆ ಲೆಕ್ಕ ಹಾಕಿದರೆ ಒಂದು ಕೋಟಿ.

ಕೆಂಪು, ಅವಕೆಂಪು ದೀಪಗಳಿಗೆ ಬಳಸುವ ಗ್ಯಾಲಿಯಂ ಆರ್ಸೆನೈಡ್ ಜಾತಿಯ ಅರೆವಾಹಕಗಳಲ್ಲಿ ಇದರ ಸಾವಿರದಲ್ಲೊಂದು ಪಾಲು ದೋಷವಿದ್ದರೂ ಬೆಳಕು ಮಂಕಾಗುತ್ತದೆ. ಹಾಗಿರುವಾಗ ಇದು ಹೇಗೆ ಬೆಳಗುತ್ತದೆ? 1995ರಲ್ಲಿ ಅಮೆರಿಕದ ಸಂಶೋಧಕರು ಅಂಗಡಿಯಲ್ಲಿ ಸಿಗುವಂಥ ಒಳ್ಳೆಯ ನೀಲಿ ಎಲ್‌ಇಡಿಯನ್ನೇ ಸೀಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ದೋಷಗಳನ್ನು ಎಣಿಸಿದಾಗ ಹರಳು ವಿಜ್ಞಾನಿಗಳು ಬೆರಗಾದರು. ಇವತ್ತು ಹೆಚ್ಚಿನವರು ಒಪ್ಪುವ ಉತ್ತರ ಇದು. ಇಂಡಿಯಂ ಎಲ್ಲ ಕಡೆ ಒಂದೇ ಸಮ ಹರಡಿಕೊಂಡಿರುವುದಿಲ್ಲ. ಅದು ತುಸು ಹೆಚ್ಚಿರುವ ಪುಟ್ಟ ಪುಟ್ಟ ಜಾಗಗಳಲ್ಲಿ ಎಲೆಕ್ಟ್ರಾನುಗಳೂ ರಂಧ್ರಗಳೂ (ಎಲೆಕ್ಟ್ರಾನ್ ಇಲ್ಲದ ಖಾಲಿ ಸ್ಥಾನಗಳು) ಸಿಕ್ಕಿಬಿದ್ದು, ಡಿಸ್‌ಲೊಕೇಶನ್ನಿನ ಬಳಿಗೆ ಹೋಗುವ ಮುಂಚೆಯೇ ಕೂಡಿ ಬೆಳಕಾಗುತ್ತವೆ. ಅಂದರೆ ಒಂದು ಬಗೆಯ ಅವ್ಯವಸ್ಥೆ ಇನ್ನೊಂದು ಬಗೆಯ ಅವ್ಯವಸ್ಥೆಯಿಂದ ದೀಪವನ್ನು ಕಾಯುತ್ತಿದೆ.

ಹಾಗಾಗಿ ಹರಳಿನಲ್ಲಿ ದೋಷ ಎಷ್ಟಿದೆ ಎಂದು ಕೇಳಿದರೆ ಸಾಲದು. ಯಾವ ದೋಷ, ಎಲ್ಲಿದೆ, ಅದರ ಹತ್ತಿರಕ್ಕೆ ಎಲೆಕ್ಟ್ರಾನ್ ಹೋಗುತ್ತದೋ ಇಲ್ಲವೋ ಎಂದು ಕೇಳಬೇಕು. ಹರಳು ತೆಳುವಾದಷ್ಟೂ ಈ ಪ್ರಶ್ನೆ ತೀಕ್ಷ್ಣವಾಗುತ್ತದೆ. ಕೂದಲೆಳೆಗಿಂತ ಸಾವಿರ ಪಾಲು ತೆಳುವಾದ ನ್ಯಾನೋತಂತಿಗೆ ಬಂದರಂತೂ ಬೇರೆ ಪ್ರಶ್ನೆಯೇ ಉಳಿಯುವುದಿಲ್ಲ.

ಈ ವಿಚಾರದಲ್ಲಿ ನಮ್ಮ ರಾಜ್ಯಕ್ಕೆ ಹಳೆಯ ನಂಟಿದೆ. ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ವಜ್ರದ ಬೆನ್ನು ಬಿದ್ದರು. ನೂರಾರು ವಜ್ರ ಕೂಡಿಹಾಕಿದರು. ನೇರಳಾತೀತ ಬೆಳಕಿನಲ್ಲಿ ಹಿಡಿದರೆ ಕೆಲವು ವಜ್ರ ನೀಲಿಯಾಗಿ ಹೊಳೆಯುತ್ತವೆ, ಕೆಲವು ಹಸಿರಾಗಿ, ಇನ್ನು ಕೆಲವು ಹೊಳೆಯುವುದೇ ಇಲ್ಲ. ಒಂದೇ ಇಂಗಾಲ, ಒಂದೇ ಜೋಡಣೆ, ಹೊಳಪು ಮಾತ್ರ ಏಕೆ ಬೇರೆ? 1940ರಲ್ಲಿ ರಾಮನ್ ಪ್ರಯೋಗಾಲಯಕ್ಕೆ ಸೇರಿದ ಅನ್ನಾ ಮಣಿ ಎಂಬ ಯುವತಿಯ ಪಾಲಿಗೆ ಈ ಕೆಲಸ ಬಂತು. ವಜ್ರವನ್ನು ದ್ರವ ಗಾಳಿಯ ತಂಪಿನಲ್ಲಿಟ್ಟು, ಅದರ ಕ್ಷೀಣ ಹೊಳಪನ್ನು ರೋಹಿತದರ್ಶಕದ ಮೂಲಕ ಫೋಟೊ ತಟ್ಟೆಯ ಮೇಲೆ ಬೀಳಿಸಬೇಕು. ಒಂದೊಂದು ತಟ್ಟೆಗೆ ಹದಿನೈದು, ಇಪ್ಪತ್ತು ಗಂಟೆ. ರಾತ್ರಿ ಅವರು ಪ್ರಯೋಗಾಲಯದಲ್ಲೇ ಮಲಗುತ್ತಿದ್ದರು. 1942ರಿಂದ 1945ರ ನಡುವೆ ವಜ್ರ ಮತ್ತು ಮಾಣಿಕ್ಯದ ಹೊಳಪಿನ ಬಗ್ಗೆ ಒಬ್ಬರೇ ಐದು ಪ್ರಬಂಧ ಬರೆದರು. ಎಂ.ಎಸ್ಸಿ. ಆಗಿಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್‌.ಡಿ. ಕೊಡಲಿಲ್ಲ. ಮುಂದೆ ಅವರು ಹವಾಮಾನ ಮಾಪಕಗಳ ಕ್ಷೇತ್ರಕ್ಕೆ ಹೋಗಿ ದೇಶಕ್ಕೆ ಮಾಡಿದ ಕೆಲಸ ಎಲ್ಲರಿಗೂ ಗೊತ್ತು. ಅವರ ವಜ್ರದ ತಟ್ಟೆಗಳ ಬಗ್ಗೆ ಮಾತ್ರ ನಾವು ಸಾಕಷ್ಟು ಮಾತಾಡಿಲ್ಲ. ಅದು ನನಗೆ ಬೇಸರದ ವಿಷಯ.

ಹೊಳಪು ವಜ್ರದ ರಚನೆಯಲ್ಲೇ ಅಡಗಿದ ಗುಣ ಎಂದು ರಾಮನ್ ಬಲವಾಗಿ ನಂಬಿದ್ದರು. 1959ರಲ್ಲಿ ಕೈಸರ್ ಮತ್ತು ಬಾಂಡ್ ಎಂಬಿಬ್ಬರು ಅಮೆರಿಕದಲ್ಲಿ ಬಹುತೇಕ ವಜ್ರಗಳೊಳಗೆ ನೈಟ್ರೋಜನ್ ಇದೆಯೆಂದು ತೋರಿಸಿದ ಮೇಲೆ ಚಿತ್ರ ಬದಲಾಯಿತು. ವಜ್ರದಲ್ಲಿ ಒಂದು ಇಂಗಾಲದ ಜಾಗ ಖಾಲಿಯಾಗಿ, ಅದರ ಸುತ್ತ ಮೂರು ನೈಟ್ರೋಜನ್ ಪರಮಾಣುಗಳು ಬಂದು ಕೂತರೆ ನೀಲಿ ಹೊಳಪು. ಖಾಲಿ ಜಾಗದ ಪಕ್ಕ ಒಂದೇ ನೈಟ್ರೋಜನ್ ಇದ್ದರೆ ಕೆಂಪು. ಇವತ್ತು ಅತಿ ದುರ್ಬಲ ಕಾಂತಕ್ಷೇತ್ರವನ್ನು ಅಳೆಯುವ ಕ್ವಾಂಟಂ ಸಂವೇದಕಗಳು ಈ ಎರಡನೆಯ ದೋಷದ ಮೇಲೆಯೇ ನಿಂತಿವೆ. ವ್ಯಾಖ್ಯಾನ ಬದಲಾದರೂ ಬೆಂಗಳೂರಿನ ಆ ತಟ್ಟೆಗಳ ಮೇಲೆ ಬಿದ್ದ ಗೆರೆಗಳು ಸುಳ್ಳಾಗಲಿಲ್ಲ. ಇಪ್ಪತ್ತು ಗಂಟೆ ಕಾದು ಅನ್ನಾ ಮಣಿ ಸೆರೆಹಿಡಿದದ್ದು ಹರಳಿನ ದೋಷಗಳು ಬಿಟ್ಟ ಬೆಳಕನ್ನೇ.

ಸಿಲಿಕಾನಿನ ಕತೆಯೂ ಹೀಗೆಯೇ. ಶುದ್ಧ ಸಿಲಿಕಾನಿನಿಂದ ಟ್ರಾನ್ಸಿಸ್ಟರ್ ಆಗುವುದಿಲ್ಲ. ಅದರೊಳಗೆ ಲೆಕ್ಕ ಹಾಕಿ ಬೋರಾನ್ ಅಥವಾ ಫಾಸ್ಫರಸ್ ಸೇರಿಸಬೇಕು. ಅದೂ ಒಂದು ದೋಷವೇ, ಆದರೆ ನಾವೇ ಕರೆದು ಕೂರಿಸಿದ ದೋಷ. ಬೇಡದ ದೋಷವೆಂದರೆ ಡಿಸ್‌ಲೊಕೇಶನ್. 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು ಬೇರೆ ಬೇರೆಯಾಗಿ ಊಹಿಸಿದ ಈ ಗೆರೆಯಿಂದಲೇ ಲೋಹ ಬಾಗುತ್ತದೆ. ಅದೇ ಗೆರೆ ಚಿಪ್ಪಿನಲ್ಲಿದ್ದರೆ ವಿದ್ಯುತ್ ಸೋರುತ್ತದೆ. ಅದನ್ನು ಓಡಿಸುವ ಉಪಾಯವನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯ ಡ್ಯಾಶ್ ಎಂಬ ವಿಜ್ಞಾನಿ 1959ರ ಹೊತ್ತಿಗೆ ಕಂಡುಕೊಂಡರು. ಕರಗಿದ ಸಿಲಿಕಾನಿನಿಂದ ಹರಳನ್ನು ಮೇಲೆಳೆಯುವಾಗ ಶುರುವಿನಲ್ಲಿ ಅದನ್ನು ಕೆಲವೇ ಮಿಲಿಮೀಟರ್ ತೆಳುವಾದ ಕುತ್ತಿಗೆಯಾಗಿ ಎಳೆಯಬೇಕು. ಎಳೆಯಲು ಬಳಸಿದ ಬೀಜದ ಹರಳಿನಿಂದ ಬಂದ ಡಿಸ್‌ಲೊಕೇಶನ್‌ಗಳು ಆ ಕುತ್ತಿಗೆಯಲ್ಲಿ ಓರೆಯಾಗಿ ಸಾಗಿ ಪಕ್ಕದ ಮೈಗೆ ತಾಗಿ ಮುಗಿದುಹೋಗುತ್ತವೆ. ಆಮೇಲೆ ಹರಳನ್ನು ಎಷ್ಟು ದಪ್ಪ ಮಾಡಿದರೂ ಅದು ನಿರ್ದೋಷಿ. ನಮ್ಮ ಮೊಬೈಲಿನ ಒಂದೊಂದು ಸಿಲಿಕಾನ್ ಚಿಪ್ಪೂ ಅಂಥ ಕುತ್ತಿಗೆ ದಾಟಿ ಬಂದ ಹರಳಿನದೇ.

ತೆಳುವಾದದ್ದು ದೋಷವನ್ನು ಹೊರಹಾಕುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷ್ಯ 1952ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಸಿಕ್ಕಿತ್ತು. ತವರದ ಮೇಲೆ ತಾನಾಗಿ ಹುಟ್ಟುವ ಮೀಸೆಯಂಥ ಎಳೆಗಳನ್ನು ಹೆರಿಂಗ್ ಮತ್ತು ಗಾಲ್ಟ್ ಬಾಗಿಸಿ ನೋಡಿದರೆ, ಅವು ಸಾಮಾನ್ಯ ತವರಕ್ಕಿಂತ ಎಷ್ಟೋ ಪಟ್ಟು ಗಟ್ಟಿ, ಹೆಚ್ಚುಕಡಿಮೆ ಕುಂದಿಲ್ಲದ ಹರಳಿಗೆ ಲೆಕ್ಕ ಹಾಕಿದಷ್ಟೇ ಗಟ್ಟಿ. ಅದೇ ಬೆಲ್ ಪ್ರಯೋಗಾಲಯದಲ್ಲಿ 1964ರಲ್ಲಿ ವ್ಯಾಗ್ನರ್ ಮತ್ತು ಎಲಿಸ್ ಸಿಲಿಕಾನ್ ಎಳೆ ಬೆಳೆಸುವ ವಿಧಾನವನ್ನು ಪ್ರಕಟಿಸಿದರು. ಇವತ್ತಿನ ನ್ಯಾನೋತಂತಿಗಳಲ್ಲಿ ಬಹುಪಾಲು ಅದರ ಸಂತಾನ.

ಆ ವಿಧಾನವನ್ನು ಹತ್ತಿರದಿಂದ ನೋಡಬೇಕು. ಸಿಲಿಕಾನ್ ತಟ್ಟೆಯ ಮೇಲೆ ಚಿನ್ನದ ಒಂದು ಚುಕ್ಕೆ. ಚಿನ್ನ ಒಂಟಿಯಾಗಿ ಕರಗಲು 1,064 ಡಿಗ್ರಿ ಸೆಲ್ಸಿಯಸ್ ಬೇಕು, ಸಿಲಿಕಾನಿಗೆ 1,414. ಎರಡೂ ಕೂಡಿದರೆ 363 ಡಿಗ್ರಿಗೇ ಕರಗಿ ಹನಿಯಾಗುತ್ತವೆ. ಸುತ್ತ ಸಿಲಿಕಾನ್ ಇರುವ ಅನಿಲ ಹಾಯಿಸಿದರೆ ಹನಿ ಅದರಿಂದ ಸಿಲಿಕಾನನ್ನು ಹೀರುತ್ತದೆ. ಹೀರಿ ಹೀರಿ ಇನ್ನು ಹಿಡಿಸದು ಎಂಬ ಸ್ಥಿತಿಗೆ ಬಂದಾಗ ಹೆಚ್ಚಾದದ್ದನ್ನು ತನ್ನ ಬುಡದಲ್ಲಿ ಹರಳಾಗಿ ಇಳಿಸುತ್ತದೆ. ಮೊದಲು ಒಂದು ಮೂಲೆಯಲ್ಲಿ ಕೆಲವು ಪರಮಾಣು ಕಚ್ಚಿಕೊಳ್ಳುತ್ತವೆ, ಆಮೇಲೆ ಆ ಪದರ ಅಡ್ಡಕ್ಕೆ ಹರಡಿ ಪೂರ್ತಿಯಾಗುತ್ತದೆ. ಮತ್ತೆ ಹೀರುವುದು, ಮತ್ತೆ ಇನ್ನೊಂದು ಪದರ. ಹನಿ ಮೇಲೇರುತ್ತ ಹೋಗುತ್ತದೆ, ಅದರ ಕೆಳಗೆ ಅದರಷ್ಟೇ ದಪ್ಪದ ತಂತಿ ಉದ್ದವಾಗುತ್ತದೆ. ಎಳೆ ಬೆಳೆಯಲು ಒಳಗೊಂದು ತಿರುಪಿನ ಆಕಾರದ ಡಿಸ್‌ಲೊಕೇಶನ್ ಇರಲೇಬೇಕು ಎಂದು ಅಲ್ಲಿಯವರೆಗೆ ಹಲವರು ನಂಬಿದ್ದರು. ವ್ಯಾಗ್ನರ್ ಅವರ ಎಳೆಗಳಲ್ಲಿ ಅದು ಇರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನೂರು ನ್ಯಾನೋಮೀಟರ್ ವ್ಯಾಸದ ಗ್ಯಾಲಿಯಂ ನೈಟ್ರೈಡ್ ತಂತಿ. ಚದರ ಸೆಂಟಿಮೀಟರಿಗೆ ನೂರು ಕೋಟಿ ಗೆರೆಗಳ ಲೆಕ್ಕದಲ್ಲೇ ನೋಡಿದರೂ ಹನ್ನೆರಡು ಹದಿಮೂರು ತಂತಿಗಳಿಗೆ ಒಂದರಲ್ಲಿ ಒಂದು ಡಿಸ್‌ಲೊಕೇಶನ್ ಸಿಗಬಹುದು, ಅಷ್ಟೇ. ಅದೂ ಉಳಿಯುವುದು ಅಪರೂಪ, ಏಕೆಂದರೆ ಪಕ್ಕದ ಮೈ ಅದನ್ನು ತನ್ನತ್ತ ಸೆಳೆದು ಹೊರಹಾಕುತ್ತದೆ. ಕೆಳಗಿನ ನೆಲದೊಂದಿಗೆ ಅಳತೆ ಹೊಂದದಿದ್ದರೂ ತಂತಿ ಪಕ್ಕಕ್ಕೆ ತುಸು ಹಿಗ್ಗಿ ಕುಗ್ಗಿ ಆ ಬಿಗುವನ್ನು ಕಳೆದುಕೊಳ್ಳುತ್ತದೆ. ಹಾಗಾಗಿಯೇ ಅಗ್ಗದ ಸಿಲಿಕಾನ್ ತಟ್ಟೆಯ ಮೇಲೂ ಗ್ಯಾಲಿಯಂ ನೈಟ್ರೈಡ್ ತಂತಿಗಳು ಡಿಸ್‌ಲೊಕೇಶನ್ ಇಲ್ಲದೆ ಬೆಳೆಯಬಲ್ಲವು.

ದೋಷದ ಕತೆ ಇಲ್ಲಿಗೇ ಮುಗಿಯಿತೆನ್ನುವಂತಿಲ್ಲ. ತಂತಿ ತೆಳುವಾದಷ್ಟೂ ಮೇಲ್ಮೈಯ ಪಾಲು ಹೆಚ್ಚು, ಮತ್ತು ಮೇಲ್ಮೈಯೇ ಹರಳಿನ ದೊಡ್ಡ ದೋಷ. ಹೊರಗಿನ ಪರಮಾಣುವಿಗೆ ಕೈ ಹಿಡಿಯಲು ಒಂದು ಬದಿಯಲ್ಲಿ ಯಾರೂ ಇಲ್ಲ. ಆ ಕೊರತೆ ಹೋಗುತ್ತಿರುವ ಎಲೆಕ್ಟ್ರಾನನ್ನು ಹಿಡಿದು ನಿಲ್ಲಿಸುತ್ತದೆ. ಬೇಕೆಂದು ಸೇರಿಸುವ ದೋಷದ ಲೆಕ್ಕವೂ ತಂತಿಯಲ್ಲಿ ಗಾಬರಿ ಹುಟ್ಟಿಸುತ್ತದೆ. ಚಿಪ್ಪಿನಲ್ಲಿ ರೂಢಿಯಲ್ಲಿರುವ ಒಂದು ಪ್ರಮಾಣವೆಂದರೆ ಘನ ಸೆಂಟಿಮೀಟರಿಗೆ 1ರ ಮುಂದೆ 18 ಸೊನ್ನೆಯಷ್ಟು ಫಾಸ್ಫರಸ್ ಪರಮಾಣು. ಕೇಳಲು ಭಾರಿ ಸಂಖ್ಯೆ. ಇಪ್ಪತ್ತು ನ್ಯಾನೋಮೀಟರ್ ದಪ್ಪ, ನೂರು ನ್ಯಾನೋಮೀಟರ್ ಉದ್ದದ ತಂತಿಯ ತುಂಡಿಗೆ ಅದು ಇಳಿದಾಗ ಸಿಗುವುದು ಮೂವತ್ತೊಂದು ಪರಮಾಣು. ಪ್ರಮಾಣವನ್ನು ಹತ್ತು ಪಟ್ಟು ತಗ್ಗಿಸಿದರೆ ಮೂರು. ಪಕ್ಕದ ತುಂಡಿನಲ್ಲಿ ಎರಡಿರಬಹುದು, ಅದರ ಪಕ್ಕದಲ್ಲಿ ಐದು. ಒಂದೇ ಒಲೆಯಲ್ಲಿ ಬೆಂದ ಎರಡು ಟ್ರಾನ್ಸಿಸ್ಟರ್ ಬೇರೆ ಬೇರೆಯಾಗಿ ನಡೆದುಕೊಳ್ಳಲು ಅಷ್ಟು ಸಾಕು.

ತಂತಿ ಬೆಳೆಸಿದ ಚಿನ್ನವೂ ಕೈ ಕೊಡುತ್ತದೆ. ಸಿಲಿಕಾನಿನೊಳಗೆ ಸೇರಿದ ಚಿನ್ನದ ಪರಮಾಣು ಎಲೆಕ್ಟ್ರಾನುಗಳಿಗೆ ಆಳದ ಬೋನು. ಚಿಪ್ಪು ಕಾರ್ಖಾನೆಗಳು ಚಿನ್ನವನ್ನು ಒಳಗೆ ಬಿಟ್ಟುಕೊಳ್ಳಲು ಹೆದರುವುದು ಅದಕ್ಕೇ. ಹನಿ ಮೇಲೇರುವಾಗ ಒಂದೆರಡು ಚಿನ್ನದ ಪರಮಾಣು ತಂತಿಯಲ್ಲಿ ಉಳಿದುಬಿಡುತ್ತವೆಯೇ ಎಂಬ ಅನುಮಾನ ಬಹಳ ಕಾಲ ಇತ್ತು. 2008ರಲ್ಲಿ ಅಮೆರಿಕದ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವನ್ನು ಒಂದೊಂದಾಗಿ ಕಂಡರು: ಬೂದು ಸಿಲಿಕಾನಿನ ನಡುವೆ ಬೆಳ್ಳಗಿನ ಚುಕ್ಕೆಗಳು.

ಇಷ್ಟೆಲ್ಲ ಇದ್ದರೂ ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಬೇರೆಯೇ ಒಂದು ದೋಷ, ಪದರ ತಪ್ಪುವುದು. ಕುಂದಾಪುರದ ಸಂತೆಯಲ್ಲಿ ಮೂಸಂಬಿ ಪೇರಿಸುವುದನ್ನು ನೆನಪಿಸಿಕೊಳ್ಳಿ. ಮೊದಲ ಸಾಲು ನೆಲದ ಮೇಲೆ, ಅದನ್ನು ಅ ಎನ್ನೋಣ. ಎರಡನೆಯ ಸಾಲಿನ ಹಣ್ಣು ಮೊದಲನೆಯದರ ತಗ್ಗುಗಳಲ್ಲಿ ಕೂರುತ್ತದೆ, ಅದು ಬ. ಮೂರನೆಯ ಸಾಲಿಗೆ ಎರಡು ದಾರಿ. ಮೊದಲ ಸಾಲಿನ ನೇರ ಮೇಲೆ ಕೂತರೆ ಮತ್ತೆ ಅ. ಉಳಿದ ತಗ್ಗುಗಳಲ್ಲಿ ಕೂತರೆ ಹೊಸ ಸ್ಥಾನ, ಕ. ಪೇರಿಸುವವರಿಗೆ ಎರಡೂ ಒಂದೇ, ರಾಶಿ ಎರಡರಲ್ಲೂ ಗಟ್ಟಿ. ಹರಳಿಗೆ ಎರಡೂ ಒಂದೇ ಅಲ್ಲ. ಅ ಬ ಕ, ಅ ಬ ಕ ಎಂದು ಸಾಗಿದರೆ ಘನ ಜೋಡಣೆ, ಅದಕ್ಕೆ ಜಿಂಕ್ ಬ್ಲೆಂಡ್ ಎಂದು ಹೆಸರು. ಅ ಬ, ಅ ಬ ಎಂದು ಸಾಗಿದರೆ ಷಟ್ಕೋನ ಜೋಡಣೆ, ವುರ್ಟ್‌ಜೈಟ್. ಗ್ಯಾಲಿಯಂ ಆರ್ಸೆನೈಡ್, ಇಂಡಿಯಂ ಫಾಸ್ಫೈಡ್ ಮುಂತಾದವು ದಪ್ಪ ಗಟ್ಟಿಯಾಗಿ ಬೆಳೆದಾಗ ಯಾವತ್ತೂ ಮೊದಲನೆಯ ಜೋಡಣೆಯವೇ. ನ್ಯಾನೋತಂತಿಯಾಗಿ ಬೆಳೆದಾಗ ಅವೇ ವಸ್ತುಗಳು ಎರಡನೆಯ ಜೋಡಣೆಗೂ ಹೋಗುತ್ತವೆ. ಒಂದೇ ತಂತಿಯಲ್ಲಿ ಹತ್ತು ಪದರ ಹೀಗೆ, ಏಳು ಪದರ ಹಾಗೆ, ನಡುವೆ ಒಂದು ತಪ್ಪು ಹೆಜ್ಜೆ ಎಂಬಂತೆ ಬೆರೆಯುವುದೂ ಉಂಟು. ಪದರಗಳ ಸರದಿ ತಟಕ್ಕನೆ ತಿರುಗಿ ಅ ಬ ಕ ಎನ್ನುವುದು ಕ ಬ ಅ ಆದರೆ ಅದು ಅವಳಿ ತಲ. ಸೂಕ್ಷ್ಮದರ್ಶಕದಲ್ಲಿ ಅಂಥ ತಂತಿಯ ಅಂಚು ನೇರವಾಗಿರುವುದಿಲ್ಲ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಮುರಿಯುತ್ತ ಮೇಲೇರುತ್ತದೆ.

ಪರಿಣಾಮ ಏನು? ಇಂಡಿಯಂ ಫಾಸ್ಫೈಡನ್ನೇ ತೆಗೆದುಕೊಳ್ಳಿ. ಷಟ್ಕೋನ ಜೋಡಣೆಯಲ್ಲಿ ಅದರ ಶಕ್ತಿ ಅಂತರ, ಅಂದರೆ ಎಲೆಕ್ಟ್ರಾನ್ ಬೆಳಕಾಗುವಾಗ ಇಳಿಯುವ ಮೆಟ್ಟಿಲು, ಘನ ಜೋಡಣೆಗಿಂತ ಸುಮಾರು 80 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಹೆಚ್ಚು. ಎರಡೂ ಬೆರೆತ ತಂತಿಯಲ್ಲಿ ಎಲೆಕ್ಟ್ರಾನುಗಳು ಘನ ತುಂಡುಗಳಿಗೆ, ರಂಧ್ರಗಳು ಷಟ್ಕೋನ ತುಂಡುಗಳಿಗೆ ಹೋಗಿ ಸೇರಿಕೊಳ್ಳುತ್ತವೆ. ಬೇರೆ ಬೇರೆ ಮನೆಯಲ್ಲಿರುವ ಇವು ಗೋಡೆಯಾಚೆಯಿಂದಲೇ ಕೂಡಬೇಕು. ಬೆಳಕು ತಡವಾಗಿ ಬರುತ್ತದೆ, ಬಂದದ್ದೂ ಕೆಂಪಿನ ಕಡೆ ಜರುಗಿರುತ್ತದೆ. ಅದೇ ಮೂಲವಸ್ತು, ಅದೇ ಶುದ್ಧತೆ, ಒಂದು ಪರಮಾಣುವೂ ಹೆಚ್ಚು ಕಡಿಮೆಯಿಲ್ಲ. ಬದಲಾದದ್ದು ಪದರಗಳ ಸರದಿ ಮಾತ್ರ. ಇಂಡಿಯಂ ಆರ್ಸೆನೈಡ್ ತಂತಿಗಳಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ವಿದ್ಯುತ್ ಹಾಯಿಸಿ ಅಳೆದಾಗ, ಸರದಿ ಬೆರೆತ ತಂತಿಗಳ ರೋಧ ಸರದಿ ಶುದ್ಧವಾಗಿರುವ ತಂತಿಗಳಿಗಿಂತ ಹಲವು ಪಟ್ಟು ಹೆಚ್ಚಿತ್ತು.

ತಂತಿಯೇ ಏಕೆ ಹೀಗೆ ದಾರಿ ತಪ್ಪುತ್ತದೆ ಎಂಬುದಕ್ಕೆ 2007ರಲ್ಲಿ ಫ್ರಾನ್ಸಿನ ಗ್ಲಾಸ್ ಮತ್ತು ಸಂಗಡಿಗರು ಕಾರಣ ಕೊಟ್ಟರು. ಹೊಸ ಪದರ ಹುಟ್ಟುವುದು ಹನಿಯ ನಡುವಿನಲ್ಲಲ್ಲ. ಹನಿ, ತಂತಿ, ಹೊರಗಿನ ಅನಿಲ ಮೂರೂ ಸಂಧಿಸುವ ಅಂಚಿನಲ್ಲಿ. ಅಲ್ಲಿ ಮೇಲ್ಮೈಯ ಲೆಕ್ಕವೇ ಬೇರೆ, ಗಟ್ಟಿ ಹರಳಿನಲ್ಲಿ ಸೋಲುವ ಜೋಡಣೆ ಅಲ್ಲಿ ಗೆಲ್ಲಬಹುದು. ಕಾರಣ ಗೊತ್ತಾದ ಮೇಲೆ ಕಡಿವಾಣವೂ ಸಿಕ್ಕಿತು. 2008ರಲ್ಲಿ ನೆದರ್ಲೆಂಡ್ಸಿನವರು ಇಂಡಿಯಂ ಫಾಸ್ಫೈಡ್ ತಂತಿಗೆ ಸತು ಸೇರಿಸಿ, ಅವಳಿ ತಲಗಳು ಸಮಾನ ಅಂತರದಲ್ಲಿ ಒಂದರ ಮೇಲೊಂದು ಬರುವಂತೆ ಮಾಡಿದರು. ಮರುವರ್ಷ ಲುಂಡ್‌ನವರು ತಂತಿಯ ದಪ್ಪ ಮತ್ತು ಬೆಳೆಸುವ ಉಷ್ಣತೆ ಹೊಂದಿಸಿಕೊಂಡು ಬೇಕಾದ ಕಡೆ ಬೇಕಾದ ಜೋಡಣೆ ಬರಿಸಿದರು.

2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಗ್ಯಾಲಿಯಂ ಆರ್ಸೆನೈಡ್ ತಂತಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೇ ಬೆಳೆಸಿ, ಬೆಳೆಯುತ್ತಿರುವಾಗಲೇ ಅದರ ಚಲನಚಿತ್ರ ತೆಗೆದರು. ಅನಿಲಗಳ ಪ್ರಮಾಣ ಬದಲಿಸಿದರೆ ತುದಿಯ ಹನಿ ಉಬ್ಬುತ್ತದೆ ಅಥವಾ ಸೊರಗುತ್ತದೆ. ಹನಿ ಉಬ್ಬಿಕೊಂಡಾಗ ಪದರಗಳು ಘನ ಜೋಡಣೆಯಲ್ಲಿ ಕೂತವು, ಸೊರಗಿದಾಗ ಷಟ್ಕೋನದಲ್ಲಿ. ನಡೆಯೂ ಬೇರೆ. ಘನ ಜೋಡಣೆಯಲ್ಲಿ ಬಹಳ ಹೊತ್ತು ಏನೂ ಆಗದೆ, ಇದ್ದಕ್ಕಿದ್ದಂತೆ ಒಂದು ಪದರ ಪೂರ್ತಿ ಬಂದುಬಿಡುತ್ತದೆ. ಷಟ್ಕೋನದಲ್ಲಿ ಪದರದ ಅಂಚು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ತೆವಳುತ್ತದೆ. ಅನಿಲದ ತಿರುಗಣೆ ಹಿಡಿದವರು ಪದರ ಪದರವಾಗಿ ಹರಳಿನ ಸರದಿಯನ್ನು ಆಯ್ದುಕೊಳ್ಳುವ ಕಾಲ ಬಂತು ಎಂದು ನನಗೆ ಅನ್ನಿಸಿದ್ದು ಆ ವರದಿ ಓದಿದಾಗ.

ಹಾಗೆ ಆಯ್ದುಕೊಂಡದ್ದರ ಫಲ 2020ರಲ್ಲಿ ಬಂತು. ಸಿಲಿಕಾನ್ ಬೆಳಕು ಕೊಡುವುದಿಲ್ಲ. ಘನ ಜೋಡಣೆಯಲ್ಲಿ ಎಲೆಕ್ಟ್ರಾನ್ ಬೆಳಕಾಗಿ ಕೆಳಗಿಳಿಯಲು ಹರಳಿನ ಕಂಪನದ ನೆರವು ಬೇಕು, ಆ ಕೂಟ ಅಪರೂಪ. ಆದ್ದರಿಂದಲೇ ನಮ್ಮ ಗಣಕಗಳು ಲೆಕ್ಕ ಮಾಡುವುದು ಸಿಲಿಕಾನಿನಲ್ಲಿ, ಬೆಳಕಿನಲ್ಲಿ ಸುದ್ದಿ ಕಳಿಸುವುದು ಬೇರೆ ಅರೆವಾಹಕದಲ್ಲಿ. ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಎರಿಕ್ ಬಕ್ಕರ್ಸ್ ತಂಡದವರು ಮೊದಲು ಷಟ್ಕೋನ ಜೋಡಣೆಯ ಗ್ಯಾಲಿಯಂ ಆರ್ಸೆನೈಡ್ ತಂತಿ ಬೆಳೆಸಿದರು. ಅದರ ಸುತ್ತ ಜರ್ಮೇನಿಯಂ ಮತ್ತು ಸಿಲಿಕಾನಿನ ಮಿಶ್ರಣದ ಕವಚ ಬೆಳೆಸಿದರು. ಕವಚ ಒಳಗಿನ ತಂತಿಯ ಸರದಿಯನ್ನೇ ಅನುಸರಿಸಿ ಷಟ್ಕೋನವಾಯಿತು, ಮತ್ತು ಜೋರಾಗಿ ಅವಕೆಂಪು ಬೆಳಕು ಕೊಟ್ಟಿತು. ಹತ್ತಾರು ವರ್ಷ ಆಗದ ಕೆಲಸ ಆದದ್ದು ಒಂದು ಕಾಲಕ್ಕೆ ತಂತಿ ಬೆಳೆಸುವವರೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದ ಪದರದ ತಪ್ಪಿನಿಂದ.

ದೋಷ ಉಪಯೋಗಕ್ಕೆ ಬರುವ ಇನ್ನೊಂದು ಕಡೆ ಶಾಖ, ಅದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2008ರಲ್ಲಿ ಬರ್ಕ್ಲಿಯ ಪೈಡಾಂಗ್ ಯಾಂಗ್ ಮತ್ತು ಅರುಣ್ ಮಜುಂದಾರ್ ಬೇಕೆಂದೇ ಮೈ ಒರಟಾಗಿಸಿದ ಸಿಲಿಕಾನ್ ತಂತಿಗಳಲ್ಲಿ ಶಾಖದ ಹರಿವು ಗಟ್ಟಿ ಸಿಲಿಕಾನಿಗಿಂತ ನೂರು ಪಟ್ಟಿನಷ್ಟು ತಗ್ಗುವುದನ್ನು ತೋರಿಸಿದರು. ವಿದ್ಯುತ್ತಿನ ಹರಿವು ಅಷ್ಟು ತಗ್ಗಲಿಲ್ಲ. ವ್ಯರ್ಥ ಹೋಗುವ ಶಾಖದಿಂದ ವಿದ್ಯುತ್ ತೆಗೆಯಲು ಬೇಕಾದದ್ದು ಇಂಥದೇ ವಸ್ತು.

ಬೆಂಗಳೂರಿಗೆ ಮರಳೋಣ. ಸಿ.ಎನ್‌.ಆರ್. ರಾವ್ ಅವರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಎ. ಗೋವಿಂದರಾಜ್ ಮತ್ತಿತರರೊಂದಿಗೆ 2000ದ ಆಸುಪಾಸಿನಿಂದ ಗ್ಯಾಲಿಯಂ ನೈಟ್ರೈಡೂ ಸೇರಿದಂತೆ ಬಗೆಬಗೆಯ ನ್ಯಾನೋತಂತಿಗಳನ್ನು ಬೆಳೆಸಿದ್ದಾರೆ, ಆ ಬಗ್ಗೆ ಪುಸ್ತಕವನ್ನೂ ಬರೆದಿದ್ದಾರೆ. ಅದೇ ಕೇಂದ್ರದಲ್ಲಿ ಎಸ್‌.ಎಂ. ಶಿವಪ್ರಸಾದ್ ಅವರ ತಂಡ 2011ರಲ್ಲಿ ಪ್ರಕಟಿಸಿದ ಕೆಲಸ ನಮ್ಮ ವಿಷಯದ ಎದೆಗೇ ಬಂದು ತಾಗುತ್ತದೆ. ಅವರು ನೀಲಮಣಿಯ ಬರಿ ತಟ್ಟೆಯ ಮೇಲೆ ನಿರ್ವಾತದಲ್ಲಿ ಗ್ಯಾಲಿಯಂ ಮತ್ತು ನೈಟ್ರೋಜನ್ ಬೀಳಿಸಿದರು. ಚಿನ್ನದ ಹನಿ ಇಲ್ಲ, ಅಚ್ಚು ಇಲ್ಲ. ತಟ್ಟೆಯ ಮೇಲೆ ತಾನಾಗಿ ನ್ಯಾನೋಕಂಬಗಳೂ, ಒಂದಕ್ಕೊಂದು ಕೂಡಿಕೊಂಡ ನ್ಯಾನೋಗೋಡೆಗಳ ಜಾಲವೂ ಎದ್ದವು. ಅವು ಎದ್ದದ್ದು ಡಿಸ್‌ಲೊಕೇಶನ್‌ಗಳ ದೆಸೆಯಿಂದ ಎಂಬುದಕ್ಕೆ ಅವರು ಸಾಕ್ಷ್ಯ ಕೊಟ್ಟರು. ಹೊಂದದ ನೆಲದಿಂದಾಗಿ ಹುಟ್ಟಿದ ಗೆರೆಯೇ ಗೋಡೆಗೆ ಬುನಾದಿ. ಮುಂಬೈ ಐಐಟಿಯ ಸಂಗಡ ನಡೆಸಿದ ಮುಂದಿನ ಅಧ್ಯಯನದಲ್ಲಿ, ಮೇಲೆ ಹೋದಂತೆ ಚೂಪಾಗುವ ಈ ಗೋಡೆಗಳ ಅಂಚಿನಲ್ಲಿ ಎಲೆಕ್ಟ್ರಾನುಗಳು ಬಹಳ ಸಲೀಸಾಗಿ ಓಡುತ್ತವೆ ಎಂದು 2012ರಲ್ಲಿ ವರದಿಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಶ್ರೀನಿವಾಸನ್ ರಾಘವನ್ ಮತ್ತು ಸಹೋದ್ಯೋಗಿಗಳು ಹಿಡಿದಿರುವುದು ಇದರ ಇನ್ನೊಂದು ತುದಿಯನ್ನು: ಸಿಲಿಕಾನ್ ತಟ್ಟೆಯ ಮೇಲೆ ಗ್ಯಾಲಿಯಂ ನೈಟ್ರೈಡ್ ಬೆಳೆಸುವಾಗ ಬಿಗುವನ್ನೂ ಡಿಸ್‌ಲೊಕೇಶನ್‌ಗಳನ್ನೂ ಹದ್ದುಬಸ್ತಿನಲ್ಲಿಡುವುದು. ಅದರಿಂದ ಬರುವ ಟ್ರಾನ್ಸಿಸ್ಟರುಗಳಿಗೆ ರಾಡಾರಿನಿಂದ ಹಿಡಿದು ಚಾರ್ಜರಿನವರೆಗೆ ಬೇಡಿಕೆಯಿದೆ.

ಕರಾವಳಿಯಲ್ಲಿ ಏನಿದೆ ಎಂದು ಕೇಳುವವರಿಗೆ ಕೊಣಾಜೆಯನ್ನು ತೋರಿಸುತ್ತೇನೆ. ತ್ರಾಸಿಯಿಂದ ದಕ್ಷಿಣಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿ ಆವರಣದಲ್ಲಿ ಮೈಕ್ರೊಟ್ರಾನ್ ಕೇಂದ್ರವಿದೆ. ಎಲೆಕ್ಟ್ರಾನುಗಳನ್ನು ಎಂಬತ್ತು ಲಕ್ಷ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯವರೆಗೆ ಓಡಿಸುವ ಯಂತ್ರ ಅಲ್ಲಿನದು. ಅಷ್ಟು ವೇಗದ ಎಲೆಕ್ಟ್ರಾನ್ ಅರೆವಾಹಕಕ್ಕೆ ಬಡಿದರೆ ಪರಮಾಣು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಹೋಗುತ್ತದೆ, ಹಿಂದೆ ಖಾಲಿ ಜಾಗ ಉಳಿಯುತ್ತದೆ. ಅಂದರೆ ದೋಷವನ್ನು ಕೈಯಾರೆ, ಅಳತೆ ಮಾಡಿ ಹಾಕಬಹುದು. ಅಂಥ ಖಾಲಿ ಜಾಗ ಸೌರಕೋಶದಲ್ಲಿದ್ದರೆ ನಷ್ಟ, ಎಲೆಕ್ಟ್ರಾನುಗಳು ಹೊರಗಿನ ವಿದ್ಯುತ್ ತಂತಿಗೆ ಬರುವ ಮುಂಚೆಯೇ ಅಲ್ಲಿ ಸಿಕ್ಕಿ ಸಾಯುತ್ತವೆ. ಬೇಗ ಬೇಗ ಹಚ್ಚಿ ಆರಿಸಬೇಕಾದ ಡಯೋಡಿನಲ್ಲಿ ಅದೇ ಲಾಭ, ಏಕೆಂದರೆ ಸ್ವಿಚ್ ಆರಿಸಿದ ಮೇಲೂ ಒಳಗೆ ಅಲೆಯುತ್ತಿರುವ ಎಲೆಕ್ಟ್ರಾನುಗಳನ್ನು ಅದು ತಕ್ಷಣ ಮುಗಿಸುತ್ತದೆ. ಮೊದಲು ಹೇಳಿದ ಚಿನ್ನವನ್ನೂ ಇದೇ ಕೆಲಸಕ್ಕೆ ಡಯೋಡುಗಳಲ್ಲಿ ಬೇಕೆಂದೇ ಬೆರೆಸುವುದುಂಟು. ಅರೆವಾಹಕ ಸಾಧನಗಳು, ತೆಳು ಪದರಗಳು, ಪಾಲಿಮರುಗಳ ಮೇಲೆ ವಿಕಿರಣ ಹಾಯಿಸಿ ಏನಾಗುತ್ತದೆಂದು ನೋಡುವ ಕೆಲಸ ಕೊಣಾಜೆಯಲ್ಲಿ ವರ್ಷಗಳಿಂದ ನಡೆದಿದೆ. ನಮ್ಮ ಊರಿನ ಪದವಿ ಕಾಲೇಜುಗಳಿಂದ ಎಂ.ಎಸ್ಸಿ.ಗೆ ಹೋದ ಎಷ್ಟೋ ಮಕ್ಕಳು ಹರಳಿನ ದೋಷವನ್ನು ಮೊದಲು ಕೈಯಿಂದ ಮುಟ್ಟುವುದು ಅಲ್ಲಿ.

ನ್ಯಾನೋತಂತಿ ಬೆಳೆಸಲು, ಪದರ ಎಣಿಸಲು ಬೇಕಾದ ಯಂತ್ರಗಳು ಕೋಟಿಗಟ್ಟಲೆ ಬೆಲೆಯವು. ತಾಲ್ಲೂಕು ಕೇಂದ್ರದ ಕಾಲೇಜಿಗೆ ಅವು ಬರುವ ಮಾತೇ ಇಲ್ಲ. ಬರಬೇಕಾಗಿಯೂ ಇಲ್ಲ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆ 2008ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬೈ ಐಐಟಿಗಳಲ್ಲಿ ನ್ಯಾನೋ ಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮವನ್ನು ಶುರುಮಾಡಿತು, ಐನಪ್ ಎಂದು ಕರೆಯುತ್ತಾರೆ. ಹೊರಗಿನ ಕಾಲೇಜು, ವಿಶ್ವವಿದ್ಯಾಲಯಗಳ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಯೋಜನೆ ಬರೆದು ಕಳಿಸಿ, ಆಯ್ಕೆಯಾದರೆ ಅಲ್ಲಿನ ಸ್ವಚ್ಛಕೋಣೆಗೆ ಹೋಗಿ ತರಬೇತಿ ಪಡೆದು ಸ್ವತಃ ಕೆಲಸ ಮಾಡಬಹುದು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಲೇಜುಗಳಲ್ಲಿ ಭೌತವಿಜ್ಞಾನ ಕಲಿಸುವವರು ಈ ಲೇಖನ ಓದುತ್ತಿದ್ದರೆ ನನ್ನ ಕೋರಿಕೆ ಇಷ್ಟೇ: ಈ ವರ್ಷ ಒಂದು ಅರ್ಜಿ ಬರೆಯಿರಿ, ಬರೆಯುವಾಗ ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.